ಆಮ್ಲಜನಕ: ಈ ಹೆಸರಿನಲ್ಲಿ ಹುಳಿ ಎಲ್ಲಿಂದ ಬಂತು?

ಆಮ್ಲಜನಕ ಅನ್ನೋ ಪದವನ್ನು ಸುಮ್ನೆ ಬಿಡಿಸಿ ನೋಡಿ. ಆಮ್ಲ ಅಂದರೆ ಹುಳಿ, ಜನಕ ಅಂದರೆ ಹುಟ್ಟಿಸುವವನು. ಉಸಿರಿಗೂ ದೀಪ ಉರಿಯುವುದಕ್ಕೂ ಬೇಕಾದ ಅನಿಲಕ್ಕೆ ಹುಳಿಯ ಹೆಸರು ಯಾಕೆ?

1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಪುಡಿಯ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಬೀಳಿಸಿದರು. ಹೊರಬಂದ ಗಾಳಿಯಲ್ಲಿ ಮೇಣದ ಬತ್ತಿ ಧಗಧಗ ಉರಿಯಿತು. ಸ್ವೀಡನ್ನಿನ ಶೀಲೆ ಇದನ್ನು ಇನ್ನೂ ಮೊದಲೇ ಕಂಡಿದ್ದರು, ಆದರೆ ಅವರ ಪುಸ್ತಕ ಅಚ್ಚಾಗಿದ್ದು 1777ರಲ್ಲಿ.

ಹೆಸರಿಟ್ಟವರು ಮಾತ್ರ ಪ್ಯಾರಿಸ್ಸಿನ ಲವೋಸಿಯೆ. ಗಂಧಕ, ರಂಜಕ ಸುಟ್ಟರೆ ಈ ಅನಿಲ ಅವುಗಳ ಜೊತೆ ಸೇರುತ್ತದೆ, ಬಂದದ್ದನ್ನು ನೀರಿಗೆ ಹಾಕಿದರೆ ಆಮ್ಲ ಆಗುತ್ತದೆ. ಹಾಗಾದರೆ ಎಲ್ಲ ಆಮ್ಲಕ್ಕೂ ಇದೇ ಮೂಲ ಅಂತ ಅವರು ನಂಬಿದರು, ಗ್ರೀಕ್ ಮಾತುಗಳನ್ನು ಜೋಡಿಸಿ ಆಕ್ಸಿಜನ್ ಅಂದರು. ನಮ್ಮ ಆಮ್ಲಜನಕ ಅದರದೇ ನೇರ ಅನುವಾದ. ಜರ್ಮನ್ನರೂ ಅದನ್ನು 'ಹುಳಿವಸ್ತು' ಎಂದೇ ಕರೆಯುತ್ತಾರೆ.

ಆ ನಂಬಿಕೆ ಬಹಳ ದಿನ ಉಳಿಯಲಿಲ್ಲ. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಪೊಟ್ಯಾಶ್ ಎಂಬ ಕ್ಷಾರದೊಳಗೆ (ಕ್ಷಾರ ಅಂದರೆ ಆಮ್ಲಕ್ಕೆ ತದ್ವಿರುದ್ಧ ಗುಣದ್ದು) ವಿದ್ಯುತ್ ಹರಿಸಿ ಪೊಟ್ಯಾಸಿಯಂ ತೆಗೆದರು. ಆ ಕ್ಷಾರದಲ್ಲಿ ಆಮ್ಲಜನಕ ಇತ್ತು! ಮರುವರ್ಷ ಸುಣ್ಣದಿಂದ ಕ್ಯಾಲ್ಸಿಯಂ ಬಂತು, ಅಲ್ಲೂ ಅದೇ ಕಥೆ. ಹುಳಿ ಹುಟ್ಟಿಸಬೇಕಾದದ್ದು ಸುಣ್ಣದೊಳಗೆ ಕೂತಿತ್ತು, ನೋಡಿ. ಇನ್ನೊಂದು ಕಡೆ, ಅಷ್ಟು ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ, ಇರುವುದು ಜಲಜನಕ ಮತ್ತು ಕ್ಲೋರಿನ್ ಅಷ್ಟೇ.

ನಾವು ಶಾಲೆಯಲ್ಲಿ ಓದುವ ಆಮ್ಲಗಳ ಹುಳಿಗೆ ಕಾರಣ ಜಲಜನಕ. ಇನ್ನು ನೀರು ಹುಟ್ಟಿಸುವುದು ಅನ್ನೋ ಹೆಸರು ಜಲಜನಕದ್ದು, ಆದರೆ ನೀರಿನ ತೂಕವನ್ನು 9 ಪಾಲು ಮಾಡಿದರೆ ಅದರಲ್ಲಿ 8 ಪಾಲು ಆಮ್ಲಜನಕದ್ದು. ಎರಡು ಹೆಸರನ್ನೂ ಅದಲು ಬದಲು ಮಾಡಿದ್ದರೆ ಅರ್ಥ ಜಾಸ್ತಿ ಸರಿಹೋಗುತ್ತಿತ್ತು ಅಲ್ವಾ? ಆದರೂ ನನಗೆ ಈ ಪದವನ್ನು ಬದಲಾಯಿಸುವುದು ಬೇಡ ಅನ್ನಿಸುತ್ತದೆ, ಲವೋಸಿಯೆ ಹೇಗೆ ಯೋಚಿಸಿದರು ಅನ್ನುವುದು ಅದರಲ್ಲೇ ಉಳಿದಿದೆ.

ಕ್ಲೋರಿನ್ನಿನಲ್ಲೂ ಆಮ್ಲಜನಕ ಇದೆ ಅಂತ ಆಗ ಹೆಚ್ಚಿನವರು ಅಂದುಕೊಂಡಿದ್ದರು. ಡೇವಿ ಅದರಲ್ಲಿ ಇದ್ದಿಲನ್ನು ಬೆಳ್ಳಗೆ ಕಾಯುವಷ್ಟು ಬಿಸಿ ಮಾಡಿದರೂ ಆಮ್ಲಜನಕದ ಸುಳಿವು ಸಿಗಲಿಲ್ಲ, ಅದೇ ಒಂದು ಮೂಲವಸ್ತು ಅಂತ 1810ರಲ್ಲಿ ಸಾರಿದರು. ಹೆಸರಿಡುವಾಗ ಯಾವ ಸಿದ್ಧಾಂತವನ್ನೂ ನೆಚ್ಚಿಕೊಳ್ಳದೆ, ಕಣ್ಣಿಗೆ ಕಾಣುವ ತಿಳಿಹಸಿರು ಬಣ್ಣವನ್ನೇ ಹಿಡಿದರು.