ಫೇಲಾದ ಚೀಟಿಯನ್ನು ಬಿಸಾಡಬೇಡಿ

ಹೊಗೆ ಪರೀಕ್ಷೆಯಲ್ಲಿ ಫೇಲಾದ ಮಾಡಿಫೈಡ್ ಗಾಡಿ ನನ್ನ ಹತ್ತಿರ ಬಂದರೆ, ಬಾನೆಟ್ ಎತ್ತುವ ಮುಂಚೆ ನಾನು ಕೇಳುವುದು ಒಂದೇ ಪ್ರಶ್ನೆ: ಪರೀಕ್ಷೆಯವರು ಕೊಟ್ಟ ಚೀಟಿ ಎಲ್ಲಿ? ಎಷ್ಟೋ ಜನ ಅದನ್ನು ಸಿಟ್ಟಿನಲ್ಲಿ ಹರಿದು ಹಾಕಿರುತ್ತಾರೆ. ಇನ್ನು ಕೆಲವರು ಕೆಳಗಡೆಯ 'ಫೇಲ್' ಅನ್ನುವ ಪದ ಬಿಟ್ಟರೆ ಬೇರೇನೂ ಓದಿರುವುದಿಲ್ಲ. ಆದರೆ ಮೇಲಿರುವ ನಾಲ್ಕೈದು ಅಂಕಿಗಳು ಇವೆಯಲ್ಲ, ಎಂಜಿನ್ ಒಳಗೆ ಏನಾಗುತ್ತಿದೆ ಅಂತ ಅವೇ ಹೇಳುತ್ತವೆ. ಅವನ್ನು ಓದದೆ ಸ್ಪೇರ್ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ಹೊಗೆ ಹಾಗೇ ಉಳಿಯುತ್ತದೆ.

ಮಾಡಿಫೈ ಮಾಡಿದ ಗಾಡಿ ಅಂದ ಮೇಲೆ ಪಾಸಾಗುವುದೇ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಸೈಲೆನ್ಸರ್ ತುದಿಗೆ ಸಿಕ್ಕಿಸುವ ಆ ಕೊಳವೆಗೆ ಎಂಜಿನ್ನಿಗೆ ಗಾಳಿ ತುರುಕುವ ನಿಮ್ಮ ಟರ್ಬೊ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಗಾಳಿ ಮತ್ತು ಪೆಟ್ರೋಲ್ ಸರಿಯಾಗಿ ಬೆರೆತು ಪೂರ್ತಿ ಉರಿಯಿತೋ ಇಲ್ಲವೋ ಅನ್ನುವುದು ಮಾತ್ರ. ನನ್ನ ಅನುಭವದಲ್ಲಿ ಫೇಲಾಗುವುದಕ್ಕೆ ಹಾಕಿಸಿದ ಪಾರ್ಟ್ ಕಾರಣ ಆಗುವುದು ಕಡಿಮೆ. ಅದನ್ನು ಕೂರಿಸುವಾಗ ಅರ್ಧಕ್ಕೆ ಬಿಟ್ಟ ಕೆಲಸವೇ ಜಾಸ್ತಿ ಸಲ ಕಾರಣ.

ಮೊದಲು ಅಂಕಿಗಳನ್ನು ನೋಡೋಣ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಆ ಹದಕ್ಕೆ ಲ್ಯಾಂಬ್ಡಾ 1 ಅನ್ನುತ್ತೇವೆ. ಪೆಟ್ರೋಲ್ ಹೆಚ್ಚಾದರೆ ರಿಚ್, ಗಾಳಿ ಹೆಚ್ಚಾದರೆ ಲೀನ್. ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಕೂತು ವಿಷದ ಗ್ಯಾಸನ್ನು ಸುಡುವ ಡಬ್ಬಿ, ಚಿಕ್ಕದಾಗಿ ಕ್ಯಾಟ್) ಇರುವ ಪೆಟ್ರೋಲ್ ಗಾಡಿಗಳಿಗೆ ಬಹಳ ಕಡೆ ಇರುವ ಮಿತಿ ಹೀಗೆ: ಐಡಲ್‌ನಲ್ಲಿ (ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಧಾನ ಓಡುವಾಗ) ಕಾರ್ಬನ್ ಮಾನಾಕ್ಸೈಡ್, ಅಂದರೆ ಸಿಒ, ಶೇಕಡ 0.3 ದಾಟಬಾರದು. 2500 ಆರ್‌ಪಿಎಂ ಆಸುಪಾಸಿನಲ್ಲಿ ಸಿಒ ಶೇಕಡ 0.2 ಒಳಗೆ, ಉರಿಯದೆ ಉಳಿದ ಪೆಟ್ರೋಲಿನ ಆವಿ, ಅಂದರೆ ಎಚ್‌ಸಿ, 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಭಾಗ) ಒಳಗೆ, ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕು.

ಇವನ್ನು ಒಂದೊಂದಾಗಿ ಓದಬಾರದು, ಜೋಡಿಸಿ ಓದಬೇಕು. ಸಿಒ ಜಾಸ್ತಿ, ಆಕ್ಸಿಜನ್ ಬಹುತೇಕ ಸೊನ್ನೆ ಇದ್ದರೆ ಗಾಡಿ ರಿಚ್ ಓಡುತ್ತಿದೆ. ಸಿಒ ಕಡಿಮೆ, ಎಚ್‌ಸಿ ಮತ್ತು ಆಕ್ಸಿಜನ್ ಎರಡೂ ಜಾಸ್ತಿ ಇದ್ದರೆ ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಅಲ್ಲಿ ಪೆಟ್ರೋಲೂ ಉರಿದಿಲ್ಲ, ಗಾಳಿಯೂ ಖರ್ಚಾಗಿಲ್ಲ. ಕಾರ್ಬನ್ ಡೈಆಕ್ಸೈಡ್ ಶೇಕಡ 14ರಿಂದ 15ರ ಹತ್ತಿರ ಇದ್ದರೆ ಚೆನ್ನಾಗಿ ಉರಿಯುತ್ತಿದೆ ಅಂತ ಅರ್ಥ. ಅದು ಕಡಿಮೆಯಾಗಿ ಆಕ್ಸಿಜನ್ ಏರಿದ್ದರೆ ಸೈಲೆನ್ಸರ್ ಎಲ್ಲೋ ತೂತಾಗಿ ಹೊರಗಿನ ಗಾಳಿ ಬೆರೆಯುತ್ತಿರಬಹುದು.

ಒಂದು ಗಾಡಿಯ ಕತೆ ಹೇಳುತ್ತೇನೆ, ಆಗ ಇದರ ಉಪಯೋಗ ಗೊತ್ತಾಗುತ್ತದೆ. ಒಬ್ಬ ಹುಡುಗ ತನ್ನ ಗಾಡಿಗೆ ಹೆಡರ್ (ಎಂಜಿನ್ನಿಂದ ಹೊಗೆ ಹೊರಬರುವ ಮೊದಲ ಪೈಪುಗಳು) ಮತ್ತು ಗ್ಯಾಸ್ ಸಲೀಸಾಗಿ ಹೋಗುವ ಸ್ಪೋರ್ಟ್ಸ್ ಕ್ಯಾಟ್ ಹಾಕಿಸಿದ್ದ. ಐಡಲ್‌ನಲ್ಲಿ ಸಿಒ 0.9, ಎಚ್‌ಸಿ 240. ಆಕ್ಸಿಜನ್ 0.8 ಉಳಿದಿತ್ತು. ಲ್ಯಾಂಬ್ಡಾ ಮಾತ್ರ 1.00ರ ಹತ್ತಿರವೇ ಇತ್ತು. "ಅಣ್ಣಾ, ಕ್ಯಾಟ್ ಸತ್ತಿದೆಯಂತೆ, ಹೊಸದು ಹಾಕಿಸ್ಬೇಕಂತೆ" ಅಂದ. ಚೀಟಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಹದ ಸರಿ ಇದೆ, ಸಿಒ ಇದೆ, ಅದನ್ನು ಸುಡೋಕೆ ಆಕ್ಸಿಜನ್ನೂ ಇದೆ, ಆದರೂ ಉರಿದಿಲ್ಲ. ಕ್ಯಾಟ್ ಕೆಲಸ ಮಾಡುತ್ತಿಲ್ಲ ಅಂತ ತಾನೇ ಅರ್ಥ?

ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ ನೋಡಿದೆ. ತಾನು ಮೊದಲು ಲೆಕ್ಕ ಹಾಕಿದ್ದಕ್ಕಿಂತ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಅನ್ನುವ ಲೆಕ್ಕ ಇದು. ಶೇಕಡ ಐದರ ಒಳಗಿದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ಹುಡುಕಬೇಕು. ಈ ಗಾಡಿಯಲ್ಲಿ ಐಡಲ್‌ನಲ್ಲಿ ಪ್ಲಸ್ 17 ಇತ್ತು, 2500ರಲ್ಲಿ ಪ್ಲಸ್ 4ಕ್ಕೆ ಇಳಿಯುತ್ತಿತ್ತು. ಸತ್ತ ಕ್ಯಾಟ್ ಟ್ರಿಮ್ಮನ್ನು ಹೀಗೆ ಏರಿಸುವುದಿಲ್ಲ. ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ.

ಈಗ ಮುಖ್ಯವಾದ ಪ್ರಶ್ನೆ. ಆ ಗಾಳಿ ಎಂಜಿನ್ನಿಗೆ ಮುಂಚೆ ಸೇರುತ್ತಿದೆಯೋ, ಆಮೇಲೆ ಸೇರುತ್ತಿದೆಯೋ? ಇನ್‌ಟೇಕ್ ಕಡೆ ಲೀಕ್ ಇದ್ದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಲ್ಲಿ, ಟ್ರಿಮ್ ಏರುತ್ತದೆ. ಆದರೆ ಸಿಒ ಏರುವುದಿಲ್ಲ. ಕಳ್ಳದಾರಿಯಲ್ಲಿ ಬಂದ ಗಾಳಿಗೆ ಇಸಿಯು ಸರಿಯಾದ ಪೆಟ್ರೋಲನ್ನೇ ಸೇರಿಸುತ್ತಿದೆ, ಗಾಳಿ, ಪೆಟ್ರೋಲ್ ಎರಡೂ ಸಿಲಿಂಡರಿನೊಳಗೆ ಒಟ್ಟಿಗೆ ಉರಿಯುತ್ತವೆ. ಎಕ್ಸಾಸ್ಟ್ ಕಡೆ, ಅದೂ ಆಕ್ಸಿಜನ್ ಸೆನ್ಸರಿಗೆ ಮುಂಚೆ ಲೀಕ್ ಇದ್ದರೆ ಕತೆಯೇ ಬೇರೆ. ಎಕ್ಸಾಸ್ಟ್ ಗ್ಯಾಸ್ ಒಂದೇ ಸಮ ಹರಿಯುವುದಿಲ್ಲ, ಮಿಡಿಯುತ್ತಾ ಬರುತ್ತದೆ. ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ಪೈಪಿನೊಳಗೆ ಒತ್ತಡ ಬೀಳುತ್ತದೆ. ಆ ಗಳಿಗೆಯಲ್ಲಿ ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆ ಆಕ್ಸಿಜನ್ ಕಾಣುತ್ತದೆ, ಗಾಡಿ ಲೀನ್ ಆಗಿದೆ ಅಂತ ಹೇಳುತ್ತದೆ. ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ. ಸಿಲಿಂಡರಿನೊಳಗೆ ನಿಜವಾಗಿ ಆಗುತ್ತಿರುವುದು ಪೂರಾ ರಿಚ್.

ಅಂದರೆ ಟ್ರಿಮ್ ಏರಿ ಸಿಒ ಏರದಿದ್ದರೆ ಇನ್‌ಟೇಕ್ ನೋಡಿ, ಎರಡೂ ಏರಿದ್ದರೆ ಎಕ್ಸಾಸ್ಟ್ ನೋಡಿ. ಈ ಒಂದು ಸಾಲು ನನಗೆ ಎಷ್ಟು ಗಂಟೆ ಉಳಿಸಿದೆಯೋ ಲೆಕ್ಕವಿಲ್ಲ. ಕಲಿಯುವ ಹುಡುಗರಿಗೆ ಮೊದಲ ವಾರದಲ್ಲೇ ಇದನ್ನು ಹೇಳಿಕೊಡುತ್ತೇನೆ.

ಮಾರನೇ ದಿನ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಟಿಕ್ ಟಿಕ್ ಸದ್ದು ಬಂತು, ಎರಡು ನಿಮಿಷಕ್ಕೆ ನಿಂತುಹೋಯಿತು. ಲೋಹ ಬಿಸಿಯಾಗಿ ಹಿಗ್ಗಿದರೆ ಸಂದು ಕಿರಿದಾಗುತ್ತದೆ, ಆದರೆ ಮುಚ್ಚಿಹೋಗುವುದಿಲ್ಲ. ಹೆಡರ್ ಬಿಚ್ಚಿದರೆ ಮೂರನೇ ಪೋರ್ಟಿನ ಪಕ್ಕ ಗ್ಯಾಸ್ಕೆಟ್ ಮೇಲೆ ಕಪ್ಪು ಮಸಿಯ ಗೆರೆ. ವೆಲ್ಡಿಂಗ್ ಬಿಸಿಗೆ ಫ್ಲಾಂಜ್, ಅಂದರೆ ಹೆಡರನ್ನು ಎಂಜಿನ್ನಿಗೆ ಬಿಗಿಯುವ ತಟ್ಟೆ, ಸೊಟ್ಟಗಾಗಿತ್ತು, ಹಾಗೇ ಬಿಗಿದಿದ್ದರು. ಫ್ಲಾಂಜ್ ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ಹೊರಕ್ಕೆ ಹಂತ ಹಂತವಾಗಿ ನಟ್ ಬಿಗಿದೆವು. ಐಡಲ್ ಟ್ರಿಮ್ ಪ್ಲಸ್ 3ಕ್ಕೆ ಬಂತು, ಸಿಒ 0.08ಕ್ಕೆ ಇಳಿಯಿತು. ಸತ್ತಿದೆ ಅಂದಿದ್ದ ಆ ಕ್ಯಾಟ್ ಪಾಪ ತನ್ನ ಶಕ್ತಿಗೆ ಮೀರಿ ದುಡಿಯುತ್ತಿತ್ತು. ಹೊಸದು ಹಾಕಿಸಿದ್ದರೆ ಅದೂ ಅದೇ ಬಿಸಿಯಲ್ಲಿ ಸುಟ್ಟುಹೋಗುತ್ತಿತ್ತು.

ಕ್ಯಾಟ್ ಬಗ್ಗೆ ಒಂದೆರಡು ಮಾತು. ಒಳಗಿರುವುದು ಜೇನುಗೂಡಿನಂಥ ರಚನೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಂಪನಿ ಕ್ಯಾಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400ರಿಂದ 600 ಕಣ್ಣುಗಳಿರುತ್ತವೆ. ಸ್ಪೋರ್ಟ್ಸ್ ಕ್ಯಾಟ್‌ನಲ್ಲಿ 100 ಅಥವಾ 200. ಕಣ್ಣು ದೊಡ್ಡದಾದಷ್ಟೂ ಗ್ಯಾಸ್ ಸಲೀಸಾಗಿ ಹೋಗುತ್ತದೆ, ಲೇಪಕ್ಕೆ ತಾಗುವುದು ಕಡಿಮೆಯಾಗುತ್ತದೆ. ಕೇಳಿದವರಿಗೆ 200ಕ್ಕಿಂತ ಕಡಿಮೆ ಬೇಡ ಅಂತಲೇ ಹೇಳುತ್ತೇನೆ, 300 ಅಥವಾ 400 ಸಿಕ್ಕರೆ ಇನ್ನೂ ಒಳ್ಳೆಯದು. ರಸ್ತೆಯಲ್ಲಿ ಓಡಿಸುವ ಗಾಡಿಗೆ ಆ ವ್ಯತ್ಯಾಸದಿಂದ ಕಳೆದುಕೊಳ್ಳುವ ಶಕ್ತಿ ಬಹಳ ಸಣ್ಣದು. ಇನ್ನೊಂದು ವಿಷಯ ದೂರದ್ದು. ಕ್ಯಾಟ್ 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕೆಲಸವೇ ಶುರು ಮಾಡುವುದಿಲ್ಲ. ಉದ್ದ ಹೆಡರ್ ಹಾಕಿ ಕ್ಯಾಟನ್ನು ಸೀಟಿನ ಕೆಳಗೆ ತಳ್ಳಿದರೆ ಅದು ಬಿಸಿಯಾಗುವುದು ತಡ, ಐಡಲ್‌ನಲ್ಲಿ ಬೇಗ ತಣಿಯುತ್ತದೆ. ಎಂಜಿನ್ನಿಗೆ ಹತ್ತಿರ ಇಡಿ, ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿಸಿ.

ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ದೊಡ್ಡದು ಹಾಕಿಸಿದವರಿಗೆ ತೊಂದರೆ ಐಡಲ್‌ನಲ್ಲೇ. ಅಲ್ಲಿ ಇಂಜೆಕ್ಟರ್ ತೆರೆಯುವುದು ಒಂದೆರಡು ಮಿಲಿಸೆಕೆಂಡ್ ಅಷ್ಟೆ. ತೆರೆದುಕೊಳ್ಳೋಕೆ ಹಿಡಿಯುವ ಸಮಯವನ್ನು ಮ್ಯಾಪ್‌ನಲ್ಲಿ (ಇಸಿಯು ನೋಡಿ ನಡೆಯುವ ಲೆಕ್ಕದ ಪಟ್ಟಿ) ತಪ್ಪಾಗಿ ಕೊಟ್ಟರೆ ಹದ ಕೆಡುತ್ತದೆ. ಆ ಇಂಜೆಕ್ಟರಿನದೇ ಅಂಕಿಗಳನ್ನು ಹಾಕಿಸಿ, ಅಂದಾಜು ಬೇಡ. ಎಣ್ಣೆ ಹಚ್ಚುವ ಏರ್ ಫಿಲ್ಟರ್ ಇದ್ದರೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಎಣ್ಣೆ ಅಂಟಿದೆಯಾ ನೋಡಿ. ಟರ್ಬೊ ಗಾಳಿಯನ್ನು ಹೊರಕ್ಕೆ ಬಿಡುವ ವಾಲ್ವ್ ಇದ್ದರೆ, ಅದು ಅಳತೆಯಾದ ಗಾಳಿಯನ್ನೇ ಹೊರಗೆ ಹಾಕುವುದರಿಂದ ಗಾಡಿ ಒಂದು ಗಳಿಗೆ ರಿಚ್ ಆಗುತ್ತದೆ. ಮತ್ತೆ ಇನ್‌ಟೇಕಿಗೇ ತಿರುಗಿಸಿ ಜೋಡಿಸಿದರೆ ಸರಿಹೋಗುತ್ತದೆ.

ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ವಿಷಯದಲ್ಲಿ ಮಾತ್ರ ಕೆಲವರಿಗೆ ಬೇಸರವಾಗುವ ಮಾತು ಹೇಳಬೇಕಾಗುತ್ತದೆ. ರೇಸ್ ಕ್ಯಾಮ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಐಡಲ್‌ನಲ್ಲಿ ಸುಟ್ಟ ಗ್ಯಾಸ್ ವಾಪಸ್ ಬೆರೆತು ಉರಿ ಸರಿಯಾಗಿ ಹತ್ತುವುದಿಲ್ಲ, ಎಚ್‌ಸಿ ಏರುತ್ತದೆ. ಆ ಗುಡುಗುಡು ಐಡಲ್ ಕೇಳೋಕೆ ನನಗೂ ಇಷ್ಟ. ಆದರೆ ಆ ಸದ್ದೇ ಅರ್ಧ ಉರಿದ ಪೆಟ್ರೋಲಿನ ಸದ್ದು. ಐಡಲ್ ಸ್ವಲ್ಪ ಏರಿಸಿ, ಇಗ್ನಿಷನ್ ಟೈಮಿಂಗ್ ತಿದ್ದಿ ಸ್ವಲ್ಪ ಮಟ್ಟಿಗೆ ಸಂಭಾಳಿಸಬಹುದು. ತೀರಾ ಕಾಡು ಕ್ಯಾಮ್ ಆಗಿದ್ದರೆ ಟ್ಯೂನಿಂಗ್‌ನಿಂದ ಸರಿಹೋಗಲ್ಲ, ಓವರ್‌ಲ್ಯಾಪ್ ಕಡಿಮೆ ಇರುವ ಕ್ಯಾಮ್ ಹಾಕಲೇಬೇಕು. ಕೊಳ್ಳುವ ಮುಂಚೆಯೇ ಕೇಳಿದ್ದರೆ ಚೆನ್ನಾಗಿತ್ತು ಅಂತ ಅವರೂ ಹೇಳುತ್ತಾರೆ, ನನಗೂ ಅನ್ನಿಸುತ್ತದೆ.

ಹೊಗೆ ಸರಿಯಿದ್ದೂ ಫೇಲಾಗುವ ಗಾಡಿಗಳಿವೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಒಬಿಡಿ-2 ಕಡ್ಡಾಯವಾಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರ ಹೊತ್ತಿಗೆ ಅಂಥದ್ದೇ ಪದ್ಧತಿ ಬಂತು. ಗಾಡಿಯೇ ತನ್ನ ಕ್ಯಾಟ್, ಸೆನ್ಸರ್, ಮಿಸ್‌ಫೈರ್, ಟ್ಯಾಂಕಿನ ಆವಿ ಎಲ್ಲವನ್ನೂ ಪರೀಕ್ಷೆ ಮಾಡಿಕೊಂಡು 'ಮುಗಿದಿದೆ' ಅಂತ ಗುರುತು ಹಾಕಿಕೊಳ್ಳುತ್ತದೆ. ಅದಕ್ಕೆ ರೆಡಿನೆಸ್ ಮಾನಿಟರ್ ಅನ್ನುತ್ತಾರೆ. ಬ್ಯಾಟರಿ ಬಿಚ್ಚಿದರೆ, ಕೋಡ್ ಅಳಿಸಿದರೆ, ಹೊಸ ಮ್ಯಾಪ್ ಹಾಕಿದರೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಚೆಕ್ ಎಂಜಿನ್ ಲೈಟ್ ಆರಿಸಿಕೊಂಡು ನೇರ ಪರೀಕ್ಷೆಗೆ ಹೋದವರು ಫೇಲಾಗುವುದು ಇದಕ್ಕೇ. ರಾತ್ರಿಯಿಡೀ ತಣಿದ ಎಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಐಡಲ್ ಬಿಟ್ಟು, ಹತ್ತು ಹದಿನೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಆಮೇಲೆ ಗೇರ್‌ನಲ್ಲೇ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ವೇಗ ಇಳಿಯೋಕೆ ಬಿಡಿ. ಟ್ಯಾಂಕ್ ಕಾಲುಭಾಗಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಆವಿಯ ಪರೀಕ್ಷೆ ನಡೆಯುವುದೇ ಇಲ್ಲ. ಇದನ್ನೇ ಮೂರ್ನಾಲ್ಕು ದಿನ ಮಾಡಿ. ಸಣ್ಣ ಸ್ಕ್ಯಾನರ್‌ನಲ್ಲೇ ಎಲ್ಲ ಮಾನಿಟರ್ ಮುಗಿದಿವೆಯಾ ಅಂತ ನೋಡಿಕೊಂಡು ಹೊರಡಬಹುದು.

ನಾನು ಮಾಡದ ಕೆಲಸಗಳೂ ಇವೆ. ಕ್ಯಾಟ್ ತೆಗೆದು ಖಾಲಿ ಪೈಪ್ ಹಾಕಿ, ಹಿಂದಿನ ಸೆನ್ಸರನ್ನು ಬುಶ್ ಹಾಕಿ ದೂರ ಸರಿಸಿ ಇಸಿಯುಗೆ ಸುಳ್ಳು ಹೇಳಿಸುವುದು. ಮ್ಯಾಪ್‌ನಲ್ಲಿ ಮಾನಿಟರನ್ನೇ ಆಫ್ ಮಾಡುವುದು. ಪರೀಕ್ಷೆಯ ದಿನಕ್ಕೆ ಮಾತ್ರ ಬಾಡಿಗೆ ಕ್ಯಾಟ್ ಹಾಕುವುದು. ಕೇಳಿಕೊಂಡು ಬಂದವರಿಗೆ ಇಲ್ಲ ಅಂದು ಕಳಿಸಿದ್ದೇನೆ. ಸಿಒಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ಆ ಗಾಡಿಯ ಹಿಂದೆ ಸಿಗ್ನಲ್‌ನಲ್ಲಿ ಮಗುವನ್ನು ಎತ್ತಿಕೊಂಡು ಯಾರಾದರೂ ನಿಂತಿರುತ್ತಾರೆ, ಅಲ್ವಾ? ಅವರಿಗೆ ಯಾವ ಮ್ಯಾಪ್ ಇದೆ ಅಂತ ಗೊತ್ತಿರುವುದಿಲ್ಲ.

ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಅನ್ನುವುದು ಲೆಕ್ಕ. ಚಿಪ್ ಹಾಕಿಸಿ ಡೀಸೆಲ್ ಜಾಸ್ತಿ ಮಾಡಿ ಗಾಳಿ ಅಷ್ಟೇ ಇಟ್ಟರೆ ಕಪ್ಪು ಹೊಗೆ ಬಂದೇ ಬರುತ್ತದೆ. ಮೊದಲು ಇಂಟರ್‌ಕೂಲರ್ ಪೈಪುಗಳಲ್ಲಿ ಲೀಕ್ ಇದೆಯಾ ನೋಡಿ, ಆಮೇಲೆ ಮ್ಯಾಪ್‌ನ ಹೊಗೆ ಮಿತಿಯನ್ನು ತಿದ್ದಿಸಿ.

ಪರೀಕ್ಷೆಗೆ ಹೋಗುವ ವಾರ ಎಂಜಿನ್ ಆಯಿಲ್ ಬದಲಾಯಿಸಿ. ರಿಚ್ ಓಡಿದ ಗಾಡಿಯ ಆಯಿಲ್‌ನಲ್ಲಿ ಪೆಟ್ರೋಲ್ ಸೇರಿರುತ್ತದೆ, ಬಿಸಿಯಾದಾಗ ಅದು ಆವಿಯಾಗಿ ಮತ್ತೆ ಇನ್‌ಟೇಕಿಗೇ ಬಂದು ಸಿಒ ಏರಿಸುತ್ತದೆ. ಆ ದಿನ ಕನಿಷ್ಠ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿಕೊಂಡು ಹೋಗಿ. ಸರದಿಯಲ್ಲಿ ಐಡಲ್‌ನಲ್ಲೇ ನಿಂತರೆ ಕ್ಯಾಟ್ ತಣಿಯುತ್ತದೆ. ನಿಮ್ಮ ಸರದಿ ಬರುವ ಹೊತ್ತಿಗೆ 2500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಹಿಡಿಯಿರಿ. ಹಾಕಿಸಿದ ಪಾರ್ಟ್‌ಗಳಿಗೆ ಅನುಮತಿ ಪತ್ರ ಇದ್ದರೆ ಜೊತೆಗಿರಲಿ, ಕೆಲವು ಕಡೆ ಕಣ್ಣಿನಿಂದಲೂ ಪರೀಕ್ಷೆ ಮಾಡುತ್ತಾರೆ.

ಪಾಸಾದ ಮೇಲೆ ಆ ಚೀಟಿಯನ್ನೂ ಎತ್ತಿಡಿ. ಮುಂದಿನ ಸಲ ಐಡಲ್‌ನಲ್ಲಿ ಸಿಒ 0.05ರಿಂದ 0.25ಕ್ಕೆ ಬಂದಿದ್ದರೆ, ಪಾಸಾಗಿದ್ದರೂ ಗಾಡಿಯನ್ನು ಒಮ್ಮೆ ತೋರಿಸಿ. ಲೀಕ್ ಆಗಿದ್ದರೆ ಒಂದು ಗ್ಯಾಸ್ಕೆಟ್‌ನಲ್ಲೇ ಮುಗಿಯಬಹುದು, ಕ್ಯಾಟ್ ಇನ್ನೂ ಸುಟ್ಟಿರುವುದಿಲ್ಲ.