ಕಾಣದ ಕಾಲದ ಹಂಬಲ: ಈ ಭಾವಕ್ಕೆ ಕನ್ನಡದಲ್ಲಿ ಏನನ್ನಬೇಕು?

ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಸಂಜೆ ಹೊತ್ತು ನಡೆದವರಿಗೆ ಇದು ಗೊತ್ತು. ಎರಡೂ ಕಡೆ ಕಲ್ಲಿನ ಸಾಲುಮಂಟಪ. ಚಿಕ್ಕವರಿದ್ದಾಗ ಕೇಳಿದ ಮಾತು ನೆನಪಾಗುತ್ತದೆ: 'ಇಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ.' ಎದೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ವಿಜಯನಗರ ಹಾಳಾದದ್ದು 1565ರಲ್ಲಿ. ನಾವು ಅದನ್ನು ನೋಡಿಯೇ ಇಲ್ಲ. ಮತ್ತೆ ಈ ಸಂಕಟ ಯಾತಕ್ಕೆ?

'ನಾಸ್ಟಾಲ್ಜಿಯಾ' ಅಂದುಬಿಡುತ್ತೇವೆ. ಅದು ಹೊಂದುವುದಿಲ್ಲ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಕಟ್ಟಿದ ಪದ ಅದು. ಗ್ರೀಕಿನಲ್ಲಿ 'ಮನೆಗೆ ಮರಳುವುದು', 'ನೋವು' ಅನ್ನುವ ಎರಡು ಮಾತು ಸೇರಿಸಿ, ಊರು ಬಿಟ್ಟು ಬಂದವರನ್ನು ಕಾಡುವ ಕಾಯಿಲೆಗೆ ಇಟ್ಟ ಹೆಸರು. ಮರಳಬೇಕಾದರೆ ಮೊದಲು ಅಲ್ಲಿ ಇದ್ದಿರಬೇಕು, ಅಲ್ವಾ? ತಾನು ಬದುಕದ ಕಾಲದತ್ತ ಮನಸ್ಸು ಎಳೆಯುವುದಕ್ಕೆ ಅಮೆರಿಕದ ಜಾನ್ ಕೋನಿಗ್ 'ಅನೆಮೋಯಾ' ಎಂಬ ಹೊಸ ಪದ ಕಟ್ಟಿದರು. ಇಂಗ್ಲಿಷಿಗೆ ಅದು ಬೇಕಿತ್ತು. ನಮಗೆ ಎರವಲು ಬೇಕಿಲ್ಲ ಅಂತ ನನ್ನ ನಂಬಿಕೆ.

ನಮ್ಮ ವಿಮರ್ಶಕರು ನಾಸ್ಟಾಲ್ಜಿಯಾಕ್ಕೆ 'ಹಳಹಳಿಕೆ' ಅನ್ನುತ್ತಾರೆ. ಚೆಂದದ ಪದ. ಆದರೆ ಹಳಹಳಿಸುವುದು ಕೈಬಿಟ್ಟು ಹೋದದ್ದಕ್ಕೆ. 'ಹಪಹಪಿ'ಯಲ್ಲಿ ಆಸೆಬುರುಕತನ ಜಾಸ್ತಿ. 'ಹಂಬಲ' ಹಾಗಲ್ಲ. ಹಂಬಲಿಸಲು ಕಂಡಿರಲೇಬೇಕೆಂದಿಲ್ಲ. ಜಿ.ಎಸ್. ಶಿವರುದ್ರಪ್ಪನವರ ಗೀತೆಯಲ್ಲಿ ಮನಸ್ಸು ಹಂಬಲಿಸುವುದು ಕಾಣದ ಕಡಲಿಗೇ.

ನಮ್ಮ ಹಿತ್ತಲಲ್ಲಿ ಒಂದು ಹಳೇ ರಾಗಿಕಲ್ಲಿದೆ. ಮರದ ಹಿಡಿ ಎಂದೋ ಹೋಗಿದೆ, ಅದು ಕೂರುತ್ತಿದ್ದ ತೂತು ಮಾತ್ರ ಉಳಿದಿದೆ. ಮಿಲ್ಲಿನ ಹಿಟ್ಟು ತಿಂದೇ ಬೆಳೆದ ನನ್ನ ಅಣ್ಣನ ಮಗಳು ಅದನ್ನು ಸವರುತ್ತಾ, "ಆಗ ಎಲ್ಲರೂ ಹಾಡ್ಕೊಂಡು ಬೀಸ್ತಿದ್ರಂತೆ. ಎಷ್ಟು ಚೆನ್ನಾಗಿತ್ತು ಅಲ್ವಾ ಅಜ್ಜಿ?" ಅಂದಳು. "ಏನ್ ಚೆನ್ನಾಗಿತ್ತು ಮಗಾ, ಕೋಳಿ ಕೂಗೋ ಹೊತ್ತಿಗೆ ಏಳ್ಬೇಕಿತ್ತು. ಅಂಗೈ ತುಂಬ ಬೊಬ್ಬೆ" ಅಂದರು ಅಮ್ಮ. ಆಮೇಲೆ ಆ ತೂತಿನ ಮೇಲೆ ಕೈಯಿಟ್ಟುಕೊಂಡು ಸುಮ್ನೆ ಕೂತರು. ಜೊತೆಯಲ್ಲಿ ಬೀಸುತ್ತಿದ್ದ ಓರಗಿತ್ತಿ ಈಗಿಲ್ಲ.

ಅಮ್ಮ ಹೇಳಿದ್ದು 'ಏಳ್ಬೇಕಿತ್ತು'. ಹುಡುಗಿ ಹೇಳಿದ್ದು 'ಬೀಸ್ತಿದ್ರಂತೆ'. ತಾನು ಕಂಡದ್ದು ಯಾವುದು, ಕೇಳಿದ್ದು ಯಾವುದು ಅನ್ನುವುದನ್ನು ಕನ್ನಡ ಒಂದು 'ಅಂತೆ'ಯಲ್ಲಿ ಬೇರೆ ಮಾಡಿಬಿಡುತ್ತದೆ. ಹಂಪಿಯ ಮುತ್ತುರತ್ನದ ಬಾಲದಲ್ಲೂ ಇದೇ 'ಅಂತೆ' ಇದೆ. ಅದು ಪೂರ್ತಿ ಕಟ್ಟುಕಥೆಯಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ಪೇಟೆಯಲ್ಲಿ ವಜ್ರ, ಮಾಣಿಕ್ಯ, ಮುತ್ತು ಮಾರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆದರೆ ಅದನ್ನು ಕೊಳ್ಳುವಷ್ಟು ದುಡ್ಡು ಎಷ್ಟು ಜನರ ಹತ್ತಿರ ಇತ್ತು ಅಂತ ನಾವು ಕೇಳಿಕೊಳ್ಳುವುದಿಲ್ಲ. 'ಅಂತೆ'ಯಲ್ಲಿ ಬೊಬ್ಬೆ ಇರುವುದಿಲ್ಲ.

ಹಾಗಾಗಿ ನಾನು ಆರಿಸಿಕೊಂಡಿರುವುದು 'ಕಾಣದ ಕಾಲದ ಹಂಬಲ'. ಉದ್ದವಾಯಿತು ಅನ್ನಿಸಿದರೆ ಬರೀ ಕ್ರಿಯಾಪದ ಸಾಕು: 'ಹುಡುಗಿ ರಾಗಿಕಲ್ಲಿನ ಕಾಲಕ್ಕೆ ಹಂಬಲಿಸುತ್ತಾಳೆ, ಅವಳಜ್ಜಿ ಅದೇ ಕಾಲಕ್ಕೆ ಹಳಹಳಿಸುತ್ತಾರೆ.'