ಹೊಸ ಗಿಟಾರಿಗೆ ಸ್ಕ್ರೂಡ್ರೈವರ್ ಹಾಕುವ ಮೊದಲು

ಯುಗಾದಿ ಮುಗಿದ ಮೇಲಿನ ವಾರ ತಿಪಟೂರು ಕಡೆಯ ಒಬ್ಬ ಹುಡುಗ ತುಮಕೂರಿನ ನನ್ನ ಅಂಗಡಿಗೆ ಬಂದ. ಬೆನ್ನ ಮೇಲೆ ಗಿಟಾರ್ ಚೀಲ, ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ಪಿಯುಸಿ ಓದುವಾಗಿನಿಂದ ಎಲೆಕ್ಟ್ರಿಕ್ ಗಿಟಾರಿಗೆ ಆಸೆಪಟ್ಟವನು. ಈಗ ಕೆಲಸ ಸಿಕ್ಕಿದೆ, ಮನೆಯ ಕೊಬ್ಬರಿಗೂ ಒಳ್ಳೆ ರೇಟು ಬಂದಿದೆ. ಅಂತೂ ಕೊಂಡುಬಿಟ್ಟಿದ್ದ. ಸ್ಟ್ರಾಟೊಕ್ಯಾಸ್ಟರ್ ಆಕಾರದ್ದು, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಮಾಡುವ ಒಂಟಿ ಸುರುಳಿ), ಆಕಾಶನೀಲಿ ಬಣ್ಣ. ಮನೆಗೆ ಬಂದು ಬರೀ 9 ದಿನ ಆಗಿತ್ತು.

ಡಬ್ಬಿಯಲ್ಲಿ ಏನಿದೆ ಎಂದು ಕೇಳಿದೆ. ಹೊಸ ಪಿಕಪ್, ತಂತಿ ಬಿಗಿಮಾಡುವ ಲಾಕಿಂಗ್ ಟ್ಯೂನರ್, ಬಾಡಿಯ ಮೇಲೆ ತಂತಿ ಕೂರುವ ಹೊಸ ಬ್ರಿಡ್ಜ್, ಬಾಡಿಯ ಮುಂಭಾಗ ಮುಚ್ಚುವ ಮುತ್ತಿನ ಬಣ್ಣದ ತಗಡು, ಅಂದರೆ ಪಿಕ್‌ಗಾರ್ಡ್. ಆ ಡಬ್ಬಿ ಗಿಟಾರಿಗಿಂತ 2 ದಿನ ಮೊದಲೇ ಮನೆಗೆ ಬಂದಿತ್ತಂತೆ! ಮದುಮಗಳು ಬರುವ ಮೊದಲೇ ತೊಟ್ಟಿಲು ತಂದ ಹಾಗಾಯಿತು.

"ಎಲ್ಲಾ ಹಾಕಿಕೊಡಿ ಸಾರ್, ಸಂಜೆ ಬಸ್ಸಿಗೆ ಹೋಗ್ಬೇಕು" ಅಂದ.

ನಾನು ಗಿಟಾರ್ ತೆಗೆದು ಇ ಮೇಜರ್ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಯುವ ಒಂದು ಹಿಡಿತ, ಹಿಡಿದೆ. ಬಿಡಿ ತಂತಿಗಳೆಲ್ಲ ಸರಿಯಾಗಿ ಶ್ರುತಿಯಲ್ಲಿದ್ದವು. ಆದರೆ ಕಾರ್ಡ್ ಹಿಡಿದ ತಕ್ಷಣ ಮೂರನೇ ತಂತಿಯ ಸ್ವರ ಮೊದಲ ಫ್ರೆಟ್ಟಿನಲ್ಲಿ (ಕತ್ತಿನ ಮೇಲೆ ಅಡ್ಡಕ್ಕೆ ಕೂತ ಲೋಹದ ಮೆಟ್ಟಿಲು) ಏರಿ ಕೂತಿತು. ಅವನಿಗೂ ಅದು ಕೇಳುತ್ತಿತ್ತು. "ಅದಕ್ಕೇ ಸಾರ್ ಟ್ಯೂನರ್ ತಂದಿರೋದು" ಅಂದ. ತಪ್ಪು ಟ್ಯೂನರಿನದ್ದಲ್ಲ, ತಂತಿ ಕೂರುವ ನಟ್ ಎಂಬ ಪಟ್ಟಿಯದ್ದು. ಆ ನಟ್ಟಿಗೆ ಹೆಚ್ಚೆಂದರೆ ಅರ್ಧ ಗಂಟೆ ಕೆಲಸ.

ನಾನು ಶುರುವಿನಲ್ಲಿ ಮೈಕ್ ಸೆಟ್ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವನು. ಗಣೇಶನ ಹಬ್ಬದ ಸಮಯದಲ್ಲಿ ಆರ್ಕೆಸ್ಟ್ರಾದವರು ಗಿಟಾರ್ ತಂದು ಮೇಜಿನ ಮೇಲಿಟ್ಟು, "ಗುಂಯ್ ಅಂತಿದೆ, ನೋಡಿ" ಎಂದು ಹೇಳಿ ಟೀ ಕುಡಿಯಲು ಹೋಗುತ್ತಿದ್ದರು. ಹಾಗೆ ಕಲಿತ ವಿದ್ಯೆ ಇದು. ಇಷ್ಟು ವರ್ಷದಲ್ಲಿ ಒಂದು ಮಾತು ಗಟ್ಟಿಯಾಗಿದೆ. ಹೊಸ ಗಿಟಾರ್ ತಂದವರು ಯಾವುದನ್ನು ಮೊದಲು ಬದಲಾಯಿಸಲು ಹೊರಡುತ್ತಾರೋ, ಅದನ್ನು ಕೊನೆಗೆ ಬದಲಾಯಿಸಬೇಕು. ಪಿಕಪ್ ಅಂತಹದ್ದು.

ನಟ್ ಎಂದರೆ ತಲೆಯ ಹತ್ತಿರ, ತಂತಿಗಳು ಕೂರುವ ಆರು ಗೀರಿನ ಸಣ್ಣ ಪಟ್ಟಿ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಕಾರ್ಖಾನೆಯವರು ಈ ಗೀರುಗಳನ್ನು ಬೇಕೆಂದೇ ಸ್ವಲ್ಪ ಮೇಲೆ ಬಿಡುತ್ತಾರೆ. ಎತ್ತರ ಇದ್ದರೆ ತಂತಿ ಫ್ರೆಟ್ಟಿಗೆ ತಾಗಿ ಬರುವ ಬಜ್ ಸದ್ದು ಬರುವುದಿಲ್ಲ, ಗಿರಾಕಿ ವಾಪಸ್ ತರುವುದಿಲ್ಲ. ಆದರೆ ತಂತಿ ಎತ್ತರದಲ್ಲಿದ್ದರೆ ಮೊದಲ ಫ್ರೆಟ್ಟಿಗೆ ಒತ್ತುವಾಗ ಅದು ಎಳೆದ ಹಾಗಾಗಿ ಸ್ವರ ಏರುತ್ತದೆ. ನೀವೇ ಪರೀಕ್ಷೆ ಮಾಡಬಹುದು. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ತೆಳ್ಳನೆ ಹಾಳೆ ತೂರುವಷ್ಟು ಇದ್ದರೆ ಸಾಕು. ಪೋಸ್ಟ್‌ಕಾರ್ಡ್ ಆರಾಮಾಗಿ ತೂರಿದರೆ ಗೀರು ಇಳಿಸಬೇಕು.

ಇಳಿಸುವುದಕ್ಕೆ ಆತುರ ಬೇಡ. 2004ರಲ್ಲಿ ನನ್ನ ಮೊದಲ ಗಿಟಾರಿಗೆ ಗರಗಸದ ಬ್ಲೇಡ್ ಹಾಕಿ ಉಜ್ಜಿದ್ದೆ. ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಉಜ್ಜುತ್ತಾ ದಪ್ಪ ತಂತಿ ಮೊದಲ ಫ್ರೆಟ್ಟಿಗೇ ತಾಗಿ ಜೇನುಹುಳದ ಹಾಗೆ ಗುಂಯ್‌ಗುಟ್ಟತೊಡಗಿತು. ಮರ ಆಗಲಿ ನಟ್ ಆಗಲಿ, ಉಜ್ಜಿದ್ದು ವಾಪಸ್ ಬರುವುದಿಲ್ಲ. ಆಮೇಲೆ ಗೀರಿಗೆ ಅಡುಗೆ ಸೋಡಾ ತುಂಬಿ, ಮೇಲೆ ಫೆವಿಕ್ವಿಕ್ ಒಂದು ತೊಟ್ಟು ಬಿಟ್ಟು, ಕಲ್ಲಿನಂತೆ ಗಟ್ಟಿಯಾದ ಮೇಲೆ ಮತ್ತೆ ಗೀರಿದೆ. ಇದು ರಿಪೇರಿಯವರೆಲ್ಲ ಬಲ್ಲ ಉಪಾಯ, ನಾಚಿಕೆಯದ್ದೇನೂ ಇಲ್ಲ. ಹಾಗೆಯೇ ಟ್ಯೂನ್ ಮಾಡುವಾಗ ತಂತಿ ಟಿಣ್ ಟಿಣ್ ಎಂದು ಹಾರಿ ಹಾರಿ ಬಿಗಿಯಾಗುತ್ತಿದ್ದರೆ, ಅದು ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಗೀರಿಗೆ ಪೆನ್ಸಿಲ್ ಸೀಸ ಸವರಿ ನೋಡಿ. ಎಷ್ಟೋ ಸಲ ದುಬಾರಿ ಟ್ಯೂನರ್ ಮಾಡಬೇಕಾದ ಕೆಲಸವನ್ನು ಚಿಲ್ಲರೆ ಕಾಸಿನ ಪೆನ್ಸಿಲ್ ಮಾಡುತ್ತದೆ.

ನಟ್ ಆದ ಮೇಲೆ ಕತ್ತು. ಕತ್ತಿನ ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರುತ್ತದೆ. ಆರು ತಂತಿ ಒಟ್ಟಿಗೆ ಕತ್ತನ್ನು ಮುಂದಕ್ಕೆ ಎಳೆಯುತ್ತವೆ, ಸರಳು ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟದಲ್ಲಿ ಕತ್ತು ಪೂರ್ತಿ ನೇರ ಇರಬಾರದು, ನಡುವೆ ಸುಮಾರು 0.25 ಮಿಲಿಮೀಟರ್ ತಗ್ಗು ಇದ್ದರೆ ಚೆನ್ನ. ನಮ್ಮ ತುಮಕೂರಿನ ಹವೆಯಲ್ಲಿ ಇದು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಜನವರಿಯಿಂದ ಏಪ್ರಿಲ್ ತನಕ ಒಣಗಾಳಿ. ಮರ ಕುಗ್ಗುತ್ತದೆ, ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಹೊರಗೆ ಬಂದು ಕೈಗೆ ಚುಚ್ಚುತ್ತವೆ. ಮಳೆ ಹಿಡಿದರೆ ಕತ್ತು ಬೇರೆ ಕಡೆ ಬಾಗುತ್ತದೆ. ವರ್ಷಕ್ಕೆ ಎರಡು ಸಲ ನೋಡಿಸಿದರೆ ಸಾಕು. ನೀವೇ ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಬಿಗಿ ಅನಿಸಿದರೆ ಅಲ್ಲಿಗೇ ಬಿಡಿ. ಸರಳಿನ ತಿರುಪಿನ ಮರೆ ಹಾಳಾದರೆ ಆ ಕತ್ತು ಮುಗಿಯಿತು ಅಂತಲೇ ಲೆಕ್ಕ.

ತಂತಿಯ ಎತ್ತರ, ಅಂದರೆ ಆಕ್ಷನ್, ಅವರವರ ಕೈಗೆ ಬಿಟ್ಟಿದ್ದು. 12ನೇ ಫ್ರೆಟ್ಟಿನಲ್ಲಿ ತೆಳು ತಂತಿಗೆ 1.6, ದಪ್ಪ ತಂತಿಗೆ 2 ಮಿಲಿಮೀಟರ್ ಇಟ್ಟುಕೊಂಡು ಶುರು ಮಾಡುತ್ತೇನೆ. ವೀಣೆ ನುಡಿಸುವವರ ಮನೆಯ ಒಬ್ಬ ಹುಡುಗಿ ಬರುತ್ತಾಳೆ, ಅವಳಿಗೆ ಇನ್ನೂ ಎತ್ತರ ಬೇಕು. ಎಳೆದು ಗಮಕ ಹಿಡಿಯುವ ಬೆರಳಿಗೆ ಹಿಡಿತ ಸಿಗಬೇಕಲ್ಲ. ಅಂದಹಾಗೆ ವೀಣೆಯವರಿಗೆ ನಮ್ಮ ಕಷ್ಟ ಬೇಗ ಅರ್ಥವಾಗುತ್ತದೆ. ಮೇಣದ ಮೇಲೆ 24 ಮೆಟ್ಟಿಲು ಕೂರಿಸಿ ಮೇಳ ಕಟ್ಟುವುದನ್ನು ನೋಡಿದವರಿಗೆ, ಒಂದು ಮೆಟ್ಟಿಲು ಕೂದಲೆಳೆಯಷ್ಟು ಎದ್ದರೆ ಏನಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ.

ಈಗ ಸದ್ದಿನ ವಿಷಯ. ಹುಡುಗನ ಎರಡನೇ ದೂರು ಇದೇ ಆಗಿತ್ತು. ಮನೆಯಲ್ಲಿ ಆಂಪ್ ಹಾಕಿದರೆ ವಿಪರೀತ ಗುಂಯ್ ಅನ್ನುತ್ತದೆ, ಅದಕ್ಕೇ ಪಿಕಪ್ ಬದಲಾಯಿಸಬೇಕು. ಅದೇ ಗಿಟಾರನ್ನು ನನ್ನ ಅಂಗಡಿಯಲ್ಲಿ ಹಾಕಿದರೆ ಸದ್ದು ಇತ್ತು, ಆದರೆ ಅವನು ಹೇಳಿದಷ್ಟು ಇರಲಿಲ್ಲ. ಹಾಗಾದರೆ ಗಲಾಟೆಯ ಒಂದು ಪಾಲು ಗಿಟಾರಿನಲ್ಲಿಲ್ಲ, ಮನೆಯ ಗೋಡೆಯಲ್ಲಿದೆ.

ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಮೇಲೆ ಉಕ್ಕಿನ ತಂತಿ ಅಲುಗಿದಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದೇ ನಮಗೆ ಕೇಳುವ ನಾದ. ಆದರೆ ಆ ಸುರುಳಿಗೆ ನಿಮ್ಮ ತಂತಿ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರ್ ಯಾವುದು ಎಂಬ ಭೇದ ಗೊತ್ತಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದು ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಸೇರಿ ಗುಂಯ್ ಅನ್ನುತ್ತವೆ. ದಪ್ಪ ತಂತಿಯ ಮೂರನೇ ಫ್ರೆಟ್, ಅಂದರೆ ಜಿ ಸ್ವರ, 98 ಹರ್ಟ್ಸ್. ಹಾಗಾಗಿ ನಮ್ಮ ಗುಂಯ್ ಸ್ವಲ್ಪ ಏರಿದ ಜಿ ಸ್ವರದಲ್ಲಿರುತ್ತದೆ. ಅಮೆರಿಕದಲ್ಲಿ 60 ಹರ್ಟ್ಸ್ ಆದ್ದರಿಂದ ಅವರ ಗುಂಯ್ ಬೇರೆ ಶ್ರುತಿ! ಕಿವಿ ಪಳಗಿದವರು ಇದನ್ನೇ ಹಿಡಿದು ಗಿಟಾರ್ ಅಂದಾಜಿಗೆ ಶ್ರುತಿ ಮಾಡಬಹುದು. ನಾನೂ ಮಾಡಿ ನೋಡಿದ್ದೇನೆ, ಸುಮ್ನೆ ತಮಾಷೆಗೆ.

ಆದರೆ ಅರ್ಥಿಂಗ್ ವಿಷಯ ತಮಾಷೆಯಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ತಂತಿಯೇ ಇರುವುದಿಲ್ಲ. ಇದ್ದರೂ ಅದು ಹೋಗಿ ಸೇರುವ ಗುಂಡಿ ಹೇಗಿದೆ? ಇದ್ದಿಲು, ಉಪ್ಪು ಹಾಕಿ ಪೈಪ್ ಹೂತ ಅರ್ಥ್ ಗುಂಡಿಗೆ ತೇವ ಇರಬೇಕು. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಕಾಣದ ಊರುಗಳಲ್ಲಿ, ಮಾರ್ಚ್ ತಿಂಗಳಲ್ಲಿ, ಆ ಗುಂಡಿಗೆ ಯಾರು ನೀರು ಹಾಕುತ್ತಾರೆ? ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಗಿಟಾರ್ ಗುಂಯ್ ಅನ್ನುತ್ತದೆ. ಅದಕ್ಕಿಂತ ಮುಖ್ಯ, ಆಂಪಿನಲ್ಲಿ ಏನಾದರೂ ಕೆಟ್ಟರೆ ಆ ಕರೆಂಟಿಗೆ ಹೋಗಲು ದಾರಿ ಇರುವುದಿಲ್ಲ. ಗಿಟಾರಿನ ತಂತಿ ಬ್ರಿಡ್ಜ್ ಮೂಲಕ ಆಂಪಿನ ಅರ್ಥ್‌ಗೆ ಸೇರಿರುತ್ತದೆ. ದಾರಿ ಇಲ್ಲದಿದ್ದರೆ ನಿಮ್ಮ ಬೆರಳೇ ದಾರಿ. ತಂತಿ ಮುಟ್ಟಿದಾಗ ಜುಂ ಅಂದರೆ, ಮೈಕಿಗೆ ತುಟಿ ತಾಗಿದಾಗ ಚುರ್ ಅಂದರೆ, ಆ ಕ್ಷಣವೇ ನುಡಿಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಇದರಲ್ಲಿ ಮುಲಾಜು ಬೇಡ.

ಒಂದು ಸುಲಭ ಗುರುತು ಹೇಳುತ್ತೇನೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಗಿಟಾರಿನ ಒಳಗಿನ ಅರ್ಥ್ ವೈರ್ ಸರಿಯಿದೆ, ಶೀಲ್ಡಿಂಗ್, ಅಂದರೆ ಹೊರಗಿನ ಗಲಾಟೆ ತಡೆಯುವ ಲೋಹದ ಹೊದಿಕೆ, ಸಾಲದು ಅಷ್ಟೇ. ಗಿಟಾರಿನಲ್ಲಿ ಪಿಕಪ್ ಕೂರುವ ಗುಳಿಗೆ ತಾಮ್ರದ ಹಾಳೆ ಅಂಟಿಸಿ ಅರ್ಥ್‌ಗೆ ಸೇರಿಸಿದರೆ ಅರ್ಧ ವಾಸಿ. ಮುಟ್ಟಿದಾಗ ಸದ್ದು ಜಾಸ್ತಿಯಾದರೆ ಒಳಗಿನ ವೈರಿಂಗ್ ಅಥವಾ ಮನೆಯ ಅರ್ಥಿಂಗ್ ಮೇಲೆ ಅನುಮಾನಪಡಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ನುಡಿಸುವಾಗ ಮಾತ್ರ ಕಿರ್ ಅಂದರೆ ಅದು ನಯವಾದ ಅಲೆಯ ಬದಲು ಚೌಕಾಕಾರದ ಅಲೆಯ ಕರೆಂಟ್ ಕೊಡುವ ಹಳೇ ಸ್ಕ್ವೇರ್ ವೇವ್ ಯುಪಿಎಸ್‌ನ ಕೊಡುಗೆ. ಯಾವ ಪಿಕಪ್ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ.

ತಾಮ್ರದ ಹಾಳೆಯಿಂದ ಎಲ್ಲ ಸದ್ದೂ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಹೋಗುವುದಿಲ್ಲ. ಕಿರ್ ಅನ್ನುವುದು ಹೋಗುತ್ತದೆ, ಆಯಸ್ಕಾಂತದ ದಾರಿಯಲ್ಲಿ ಬರುವ ಗುಂಯ್ ಉಳಿಯುತ್ತದೆ. ಅದನ್ನು ಕೊಲ್ಲಲು ಎರಡು ಸುರುಳಿಯ ಹಂಬಕರ್ ಬೇಕು. 1955ರಲ್ಲಿ ಗಿಬ್ಸನ್ ಕಂಪನಿಯಲ್ಲಿ ಸೇಥ್ ಲವರ್ ಎಂಬ ಎಂಜಿನಿಯರ್ ಇದನ್ನು ಮಾಡಿದರು. ಎರಡು ಸುರುಳಿಗಳನ್ನು ಉಲ್ಟಾ ಜೋಡಿಸಿ, ಆಯಸ್ಕಾಂತವನ್ನೂ ಉಲ್ಟಾ ಮಾಡಿದರೆ ಹೊರಗಿನ ಗಲಾಟೆ ಒಂದಕ್ಕೊಂದು ಹೊಡೆದುಹೋಗುತ್ತದೆ, ತಂತಿಯ ನಾದ ಕೂಡಿಕೊಳ್ಳುತ್ತದೆ. ನನಗೆ ಇವತ್ತಿಗೂ ಈ ಉಪಾಯದ ಮೇಲೆ ಬೆರಗು.

ಹಾಗಾದರೆ ಪಿಕಪ್ ಬದಲಾಯಿಸಲೇಬಾರದಾ? ಬದಲಾಯಿಸಿ. ಆದರೆ ಮೊದಲು ಖರ್ಚಿಲ್ಲದ್ದನ್ನು ಮಾಡಿ. ಪಿಕಪ್ಪಿನ ಎರಡು ತಿರುಪು ತಿರುಗಿಸಿ ಎತ್ತರ ಏರಿಳಿಸಿ. ತಂತಿಗೆ ತೀರಾ ಹತ್ತಿರ ಇದ್ದರೆ ಆಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲುಗಾಡುತ್ತದೆ. ಅರ್ಧ ಮಿಲಿಮೀಟರ್ ಇಳಿಸಿದ್ದಕ್ಕೆ "ಹೊಸ ಪಿಕಪ್ ಹಾಕಿದ್ರಾ?" ಎಂದು ಕೇಳಿದವರಿದ್ದಾರೆ. ಆಮೇಲೆ ವಾಲ್ಯೂಮ್ ಪಾಟ್, ಅಂದರೆ ಸದ್ದು ಏರಿಳಿಸುವ ಗುಬ್ಬಿಯ ಕೆಳಗಿನ ರೆಸಿಸ್ಟರ್. ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕೆ (ಕಿಲೋ ಓಮ್), ಹಂಬಕರ್‌ಗೆ 500 ಕೆ. ಬೆಲೆ ಜಾಸ್ತಿಯಾದಷ್ಟೂ ಸದ್ದು ಚುರುಕು. ಬೆಲೆ ಅಂದರೆ ಇಲ್ಲಿ ಓಮ್, ರೂಪಾಯಿ ಅಲ್ಲ! ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಇವು ಚಿಲ್ಲರೆ ಕಾಸಿಗೆ ಸಿಗುತ್ತವೆ. ಕಿವಿಗೆ ಸಮನಾಗಿ ಏರಿಳಿಯುವ ಎ ಅಕ್ಷರದ್ದೋ, ಬಿ ಅಕ್ಷರದ್ದೋ ನೋಡಿಕೊಳ್ಳಿ. ಒಂದು ಅಂಗಡಿಯವರು ನನಗೆ ಬಿ ಕಟ್ಟಿಕೊಟ್ಟರು, ನಾನೂ ನೋಡದೆ ತಂದೆ. ವಾಲ್ಯೂಮ್ ತಿರುಗಿಸಿದರೆ ಬಹಳ ಹೊತ್ತು ಏನೂ ಬದಲಾಗದೆ, ಕೊನೆಗೆ ದಡಕ್ಕನೆ ಇಳಿಯುತ್ತಿತ್ತು. ಕೇಬಲ್ಲೂ ಸದ್ದು ಬದಲಾಯಿಸುತ್ತದೆ. ಉದ್ದ ಹೆಚ್ಚಿದಷ್ಟೂ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ. ಮನೆಯಲ್ಲಿ ಕೂತು ನುಡಿಸಲು 3 ಮೀಟರ್ ಸಾಕು.

ಮರದ ಬಗ್ಗೆ ಕೇಳುವವರು ಬಹಳ. ಒಬ್ಬರು ಹಲಸಿನ ಹಲಗೆಯನ್ನೇ ಹೊತ್ತು ತಂದಿದ್ದರು, ಇದರಲ್ಲಿ ಬಾಡಿ ಮಾಡಿದರೆ ವೀಣೆಯ ನಾದ ಬರುತ್ತಾ ಅಂತ. ವೀಣೆಗೆ ಕೊಡ ಇದೆ, ಅದು ಮೊಳಗುತ್ತದೆ. ಈ ಗಿಟಾರ್ ಗಟ್ಟಿ ಹಲಗೆ. ಆಂಪಿನ ಮೂಲಕ ಕೇಳುವಾಗ ಮರದ ವ್ಯತ್ಯಾಸ ನನ್ನ ಕಿವಿಗಂತೂ ಸಿಕ್ಕಿಲ್ಲ. ಸಿಗುತ್ತದೆ ಅನ್ನುವವರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಬೆರಳಾಡುವ ಹಲಗೆ ಬೀಟೆ ಮರದ್ದಾಗಿದ್ದರೆ ವರ್ಷಕ್ಕೊಂದೆರಡು ಸಲ ಫ್ರೆಟ್‌ಬೋರ್ಡ್ ಎಣ್ಣೆ ನಾಲ್ಕು ಹನಿ ಸವರಿ ಒರೆಸಿ. ಕೊಬ್ಬರಿ ಎಣ್ಣೆ ಬೇಡ. ತಿಪಟೂರಿನವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಅದು ಅಂಟಾಗಿ, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ.

ಅವತ್ತು ನಾನು ನಟ್ ಸರಿಮಾಡಿ, ಕತ್ತು ನೋಡಿ, ಹೊಸ ತಂತಿ ಹಾಕಿ ಕೊಟ್ಟೆ. ಡಬ್ಬಿಯನ್ನು ಹಾಗೇ ವಾಪಸ್ ಕಳಿಸಿದೆ. ಹುಡುಗನ ಮುಖ ಸಣ್ಣದಾಯಿತು, ಇ ಮೇಜರ್ ಹಿಡಿದ ಮೇಲೆ ಸ್ವಲ್ಪ ಅರಳಿತು.

ಹದಿನೈದು ದಿನ ಬಿಟ್ಟು ಫೋನ್ ಬಂತು. "ಎಲೆಕ್ಟ್ರಿಷಿಯನ್ ಬಂದು ಅರ್ಥ್ ವೈರ್ ಹಾಕಿದ್ರು ಸಾರ್. ಗುಂಡಿಗೆ ನಾಲ್ಕು ಕೊಡ ನೀರೂ ಹಾಕಿದೆ. ಅರ್ಧ ಸದ್ದು ಹೋಯ್ತು. ಇನ್ನರ್ಧ ಹಂಗೇ ಇದೆ."

"ಮುಟ್ಟಿದರೆ ಕಡಿಮೆ ಆಗುತ್ತಾ?"

"ಸ್ವಲ್ಪ ಆಗುತ್ತೆ. ಪೂರ್ತಿ ಹೋಗಲ್ಲ. ಗಿಟಾರ್ ಹಿಡ್ಕೊಂಡು ಒಂದು ಕಡೆ ತಿರುಗಿ ಕೂತರೆ ಕಡಿಮೆ, ಇನ್ನೊಂದು ಕಡೆ ತಿರುಗಿದರೆ ಜಾಸ್ತಿ."

ಅದು ಸಿಂಗಲ್ ಕಾಯಿಲ್‌ನ ಗುಂಯ್, ಬೇರೆ ಯಾವುದೂ ಅಲ್ಲ. ಡಬ್ಬಿಯಲ್ಲಿ ಇರುವ ಪಿಕಪ್ ಯಾವುದು, ಮೇಲೆ ಬರೆದಿರುವುದನ್ನು ಓದು ಅಂದೆ. ಓದಿದ. ಸಿಂಗಲ್ ಅಳತೆಯಲ್ಲಿ ಕೂರುವ ಹಂಬಕರ್.

"ಸರಿ, ಭಾನುವಾರ ಬಾ. ಡಬ್ಬಿ ತಗೊಂಡು ಬಾ" ಅಂದೆ. "ಪಿಕ್‌ಗಾರ್ಡ್ ಮನೆಯಲ್ಲೇ ಬಿಟ್ಟು ಬಾ."